ಗಿಳಿಯ ತಲೆ ತಿಕ್ಕಿದ ಬ್ರಷ್ಷು

ನಮ್ಮ ಬಚ್ಚಲುಮನೆಯ ಕಿಟಕಿಯ ಮೇಲೆ, ಯಾರ ಕೈಗೂ ಸುಲಭವಾಗಿ ಸಿಗದ ಎತ್ತರದಲ್ಲಿ, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷಿದೆ. ಹಿಡಿ ನೀಲಿ. ಎಳೆಗಳು ಒಂದು ಕಾಲಕ್ಕೆ ಬಿಳಿ ಇದ್ದವು, ಈಗ ಯಾವ ಬಣ್ಣವೆಂದು ಹೇಳಲಾರೆ. ಹಬ್ಬಕ್ಕೆಂದು ಮನೆ ತೊಳೆಯುವಾಗಲೆಲ್ಲ ನನ್ನ ಹೆಂಡತಿ ಶಾಂತಾ ಅದನ್ನು ಕಸದ ಬುಟ್ಟಿಗೆ ಹಾಕುತ್ತಾಳೆ, ನಾನು ತೆಗೆದು ಮತ್ತೆ ಅಲ್ಲಿಯೇ ಇಡುತ್ತೇನೆ. "ಅದರಾಗ ನಿಮ್ಮ ಹಲ್ಲೇನರ ಸಿಕ್ಕೊಂಡಾವೇನ್ರಿ?" ಎಂದು ಅವಳು ಕೇಳುತ್ತಾಳೆ. ಹಲ್ಲಲ್ಲ, ಮಾನ. ಕಂಪ್ಲಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನದ ಪಾಠ ಹೇಳುತ್ತಿರುವ ನಾನು, ಆ ಬ್ರಷ್ಷಿನಿಂದ ಒಂದು ಗಿಳಿಯ ತಲೆಯನ್ನು ತಿಕ್ಕಿ ತೊಳೆದಿದ್ದೇನೆ. ಅದೂ ಒಂದು ದಿನವಲ್ಲ, ಸಾಲಾಗಿ ಆರು ಭಾನುವಾರ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಗಿಳಿಗಳನ್ನು ಕಂಡರೆ ಆಗುವುದಿಲ್ಲ. ನೀವು ಪೇಟೆಯವರಾದರೆ "ಅಯ್ಯೋ, ಅಂಥ ಮುದ್ದು ಹಕ್ಕಿಯನ್ನು!" ಎಂದು ಕೆನ್ನೆಗೆ ಕೈ ಹಚ್ಚುತ್ತೀರಿ. ಕನ್ನಡಿಗರೆಲ್ಲ ಸೇರಿ ಆ ಹಕ್ಕಿಯನ್ನು ತಲೆಯ ಮೇಲೆ ಕೂರಿಸಿಕೊಂಡು ಬಹಳ ಕಾಲವಾಯಿತು. ಮುದ್ದಿನ ಮಗಳು ಅರಗಿಣಿ. ಚೆಂದದ ಮೂಗು ಗಿಳಿಮೂಗು. ಸೀರೆಯ ಸೆರಗಿನಲ್ಲಿ ಗಿಳಿ, ಮದುವೆಯ ಕಾರ್ಡಿನಲ್ಲಿ ಗಿಳಿ, ಲಾರಿಯ ಹಿಂಬದಿಯ ಹಲಗೆಯ ಮೇಲೂ ಎರಡು ಗಿಳಿ. ಕಾಗೆಗೆ ಇದರ ನೂರರಲ್ಲಿ ಒಂದು ಪಾಲು ಮರ್ಯಾದೆ ಸಿಕ್ಕಿದ್ದರೂ ಅದು ನಮ್ಮ ಬೀದಿಯನ್ನು ಇನ್ನಷ್ಟು ಚೊಕ್ಕಟ ಮಾಡಿಕೊಡುತ್ತಿತ್ತೇನೋ. ಈ ಹೊಗಳುವವರಲ್ಲಿ ಒಬ್ಬರಿಗಾದರೂ ತುಂಗಭದ್ರೆಯ ಕಾಲುವೆಯ ಕೆಳಗೆ ಮೂರೆಕರೆ ಗದ್ದೆ ಇದ್ದಿದ್ದರೆ, ಕನ್ನಡದಲ್ಲಿ ಗಿಳಿ ಎನ್ನುವ ಮಾತು ಬೈಗುಳವಾಗಿರುತ್ತಿತ್ತು.

ನನಗಿದೆ ಗದ್ದೆ, ಮೆಟ್ರಿಯಲ್ಲಿ. ಭತ್ತಕ್ಕೆ ಹಾಲು ತುಂಬುವ ದಿನವನ್ನು ಕೃಷಿ ಇಲಾಖೆಯವರಿಗಿಂತ ಮೊದಲು ಗಿಳಿಗಳು ತಿಳಿದುಕೊಳ್ಳುತ್ತವೆ. ಬೆಳಿಗ್ಗೆ ಕಿರುಚುತ್ತ ಬಂದಿಳಿಯುತ್ತವೆ. ಹಸಿರಿನಲ್ಲಿ ಹಸಿರು ಬೆರೆತು ಒಂದೂ ಕಾಣುವುದಿಲ್ಲ, ಕಟುಂ ಕಟುಂ ಸದ್ದು ಮಾತ್ರ ಕೇಳುತ್ತದೆ. ಅವುಗಳ ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಹಾಗಾಗಿ ಒಂದು ಕಾಲಿನಲ್ಲಿ ದಂಟನ್ನು ಹಿಡಿದು ನಿಂತು, ಇನ್ನೊಂದು ಕಾಲಿನಲ್ಲಿ ತೆನೆಯನ್ನು ಬಾಯಿಗೆ ಎತ್ತಿಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಮೆಕ್ಕೆಜೋಳ ತಿನ್ನುವವರ ಠೀವಿಯಲ್ಲಿ ತಿನ್ನುತ್ತವೆ. ತಿಂದರೆ ತಿನ್ನಲಿ. ನಾಲ್ಕು ಕಾಳು ತಿಂದು ಉಳಿದ ತೆನೆಯನ್ನು ಕತ್ತರಿಸಿ ಕೆಳಕ್ಕೆ ಬಿಸಾಕಿ ಮುಂದಿನದಕ್ಕೆ ಹೋಗುತ್ತವಲ್ಲ, ಅದಕ್ಕೆ ನನ್ನ ಮೈ ಉರಿಯುತ್ತದೆ. ಹಳೆಯ ಕ್ಯಾಸೆಟ್ಟಿನ ಟೇಪನ್ನು ಗದ್ದೆಯ ತುಂಬ ಎಳೆದು ಕಟ್ಟಿದೆ. ಗಾಳಿಗೆ ಅದು ಗುಂಯ್ ಎಂದು ಮಿರುಗಿತು, ಗಿಳಿಗಳು ಎರಡು ದಿನ ಹೆದರಿದವು, ಮೂರನೆಯ ದಿನ ಟೇಪನ್ನೂ ಕತ್ತರಿಸಿದವು. ಬೆದರುಬೊಂಬೆಗೆ ನನ್ನ ಹಳೆಯ ಅಂಗಿ ತೊಡಿಸಿದೆ. ಅದರ ಹೆಗಲ ಮೇಲೆ ಕೂತು ವಿಶ್ರಾಂತಿ ತೆಗೆದುಕೊಂಡವು.

ಇಷ್ಟೆಲ್ಲ ಆದಮೇಲೆ, ಕೊಯ್ಲು ಮುಗಿದ ದಿನ, ನನ್ನ ಹೆಂಡತಿ ಒಳ್ಳೆಯ ತೆನೆಗಳನ್ನೇ ಆರಿಸಿ ಕುಚ್ಚು ಹೆಣೆದು ನಮ್ಮ ತಲಬಾಗಿಲಿಗೆ ತೂಗಿಬಿಡುತ್ತಾಳೆ. ನಮ್ಮ ಕಡೆ ಅದು ರೂಢಿ. ಕಾಲುವೆ ಬಂದಮೇಲೆ ಪಕ್ಕದ ಕ್ಯಾಂಪಿನಲ್ಲಿ ಬಂದು ನೆಲೆಸಿದ ತೆಲುಗರ ಮನೆಗಳಲ್ಲೂ ಉಂಟು. ಹಕ್ಕಿಗಳಿಗೆಂದು ಕಟ್ಟುವುದು. ಯಾವ ಹಕ್ಕಿಗಳಿಗೆ? ನಾಲ್ಕು ತಿಂಗಳು ನಾನು ಗಂಟಲು ಹರಿದುಕೊಂಡು ಓಡಿಸಿದ ಅವೇ ಹಕ್ಕಿಗಳಿಗೆ. "ಹೊಲದಾಗ ಕಳ್ಳರು, ಬಾಗಿಲಿಗೆ ಬಂದ್ರ ಬೀಗರು," ಎನ್ನುತ್ತಾಳೆ ಶಾಂತಾ. ವಿಜ್ಞಾನದ ಮೇಷ್ಟ್ರು ಅವಳು ಹತ್ತಿದ ಸ್ಟೂಲು ಹಿಡಿದುಕೊಂಡು ನಿಲ್ಲುತ್ತಾನೆ.

ಗಿಳಿ ಓಡಿಸುವ ವಿದ್ಯೆಯನ್ನು ನನಗೆ ಕಲಿಸಿದವಳು ನನ್ನ ಚಿಗವ್ವ ನೀಲವ್ವ, ತಾಯಿಯ ತಂಗಿ. ಸಂಡೂರು ತಾಲ್ಲೂಕಿನ ಚೋರನೂರು ನನ್ನ ತಾಯಿಯ ತವರು. ದಸರಾ ರಜೆಗೆ ಅಲ್ಲಿಗೆ ಹೋದರೆ ನನ್ನನ್ನು ಜೋಳದ ಹೊಲದ ಅಟ್ಟಣಿಗೆ ಹತ್ತಿಸಿಬಿಡುತ್ತಿದ್ದರು. ನಾನು ಆಗ ಏಳು ವರ್ಷದವನು, ಚಿಗವ್ವನಿಗೆ ಹದಿನೈದೋ ಹದಿನಾರೋ. ಅಲ್ಲಿಗೆ ಬರುತ್ತಿದ್ದುದು ಗುಡ್ಡದ ಗಿಳಿಗಳು. ನಮ್ಮ ಕಂಪ್ಲಿಯ ಗಿಳಿಗಿಂತ ಸಣ್ಣವು, ಚುರುಕಿನವು, ಮೈ ಹಸಿರು, ತಲೆ ಮಾತ್ರ ಬೇರೆ. ಕೆಲವಕ್ಕೆ ಕುತ್ತಿಗೆಯ ಕಪ್ಪು ಗೆರೆಯವರೆಗೂ ಮಾಗಿದ ನೇರಳೆಯ ಕೆಂಪು, ಕೆಲವಕ್ಕೆ ತಿಳಿ ಬೂದಿ. "ಕೆಂಪ್ತಲಿಯಾವ ಗೌಡ, ಬೂದಿ ತಲಿಯಾಕಿ ಗೌಡಸಾನಿ," ಎಂದು ಚಿಗವ್ವ ತೋರಿಸಿಕೊಟ್ಟಿದ್ದಳು. ಇಡೀ ಊರಿನಲ್ಲಿ ಅವಳಷ್ಟು ಚೆನ್ನಾಗಿ ಕವಣೆ ಬೀಸುವವರು ಗಂಡಸರಲ್ಲೂ ಇರಲಿಲ್ಲ. ಹುಣಸೆಮರದ ತುದಿಯ ಕಾಯಿಗೆ ಗುರಿಯಿಟ್ಟು ಬೀಳಿಸುತ್ತಿದ್ದಳು. ಆದರೆ ಗಿಳಿಗಳ ವಿಷಯಕ್ಕೆ ಬಂದರೆ ಅವಳ ಕಲ್ಲು ಯಾವಾಗಲೂ ಒಂದು ಮೊಳ ಮೇಲೆಯೇ ಹೋಗುತ್ತಿತ್ತು. "ತಪ್ಪಿತು ಚಿಗವ್ವ!" ಎಂದು ನಾನು ಕುಣಿದರೆ, "ಸುಮ್ನ ಕುಂದ್ರಲೇ, ಗಾಳಿ ಹೆಚ್ಚೈತಿ," ಎನ್ನುತ್ತಿದ್ದಳು. ನಾನು ನಂಬುತ್ತಿದ್ದೆ. ಆ ಹೆಂಗಸು ಹೇಳಿದ್ದನ್ನು ನಂಬುವ ಚಟ ನನಗೆ ಅಂದಿನಿಂದಲೇ ಅಂಟಿದ್ದು.

ಹದಿನೇಳಕ್ಕೆ ಅವಳನ್ನು ಸಂಡೂರಿಗೆ ಮದುವೆ ಮಾಡಿ ಕೊಟ್ಟರು. ಕವಣೆ ಚೋರನೂರಿನಲ್ಲಿಯೇ ಗೂಟಕ್ಕೆ ನೇತುಬಿತ್ತು. ಗಂಡ ತೀರಿಕೊಂಡ ಮೇಲೆ ಲಾರಿಗಳು ಹೋಗುವ ರಸ್ತೆಯ ಬದಿಯಲ್ಲಿ ಒಂದು ಖಾನಾವಳಿ ತೆರೆದಳು. ಈಗ ದಿನಕ್ಕೆ ಐವತ್ತು ಅರವತ್ತು ಡ್ರೈವರುಗಳು ಅವಳ ಜೋಳದ ರೊಟ್ಟಿ, ಎಣ್ಣೆಗಾಯಿ, ಬೈಗುಳ ಮೂರನ್ನೂ ಒಟ್ಟಿಗೆ ತಿಂದು ಎದ್ದು ಹೋಗುತ್ತಾರೆ. ಅವಳನ್ನು ಒಂಟಿ ಹೆಂಗಸು ಎನ್ನುವ ಧೈರ್ಯ ಸಂಡೂರಿನಲ್ಲಿ ಯಾರಿಗೂ ಇಲ್ಲ. ತಿಂಗಳಿಗೊಮ್ಮೆಯಾದರೂ ಭಾನುವಾರ ನಾನು ಅಲ್ಲಿಗೆ ಹೋಗುತ್ತೇನೆ. ಅವಳನ್ನು ನೋಡಲು ಎಂದು ಮನೆಯಲ್ಲಿ ಹೇಳಿರುತ್ತೇನೆ. ಎಣ್ಣೆಗಾಯಿಗೆ ಎಂದು ಅವಳಿಗೂ ಗೊತ್ತು, ಶಾಂತಾಳಿಗೂ ಗೊತ್ತು.

ಒಂದು ವರ್ಷ ಶಿವರಾತ್ರಿಯ ಮುಂದಿನ ಭಾನುವಾರ ಹೋದಾಗ ಒಲೆಯ ಪಕ್ಕದ ಬುಟ್ಟಿಯಲ್ಲಿ ಏನೋ ಕುಂಯ್‌ಗುಟ್ಟಿತು. ನೋಡಿದರೆ ಗಿಳಿಮರಿ. ಇನ್ನೂ ಪೂರ್ತಿ ಗರಿ ಬಂದಿರಲಿಲ್ಲ, ಕೊಕ್ಕೇ ಮೈಗಿಂತ ದೊಡ್ಡದು. ರಸ್ತೆ ಅಗಲ ಮಾಡಲು ಕಡಿದ ಮರದ ಪೊಟರೆಯಲ್ಲಿ ಮೂರು ಮರಿಗಳಿದ್ದವಂತೆ. ಬದುಕಿದ್ದ ಒಂದನ್ನು ಹುಸೇನಪ್ಪನೆಂಬ ಡ್ರೈವರು ತನ್ನ ಬುತ್ತಿಡಬ್ಬಿಯಲ್ಲಿ ಹಾಕಿಕೊಂಡು ಬಂದು ಚಿಗವ್ವನ ಕೈಗೆ ಕೊಟ್ಟು ಹೋಗಿದ್ದ. ಅವಳು ಹುರಿಗಡಲೆಯ ಪುಟಾಣಿಹಿಟ್ಟು ಕಲಸಿ ಬೆರಳಿನ ತುದಿಯಿಂದ ತಿನ್ನಿಸುತ್ತಿದ್ದಳು.

ನಾನು ಬಿಟ್ಟೇನೇ? ಎಣ್ಣೆಗಾಯಿಗೆ ಕೈ ಹಾಕುವ ಮೊದಲೇ ಭಾಷಣ ಶುರುಮಾಡಿದೆ. ಕಾಡಿನ ಗಿಳಿಯನ್ನು ಸಾಕುವುದು ಕಾನೂನಿಗೆ ವಿರುದ್ಧ, ಹಾರುವ ಹಕ್ಕಿಯನ್ನು ಪಂಜರದಲ್ಲಿಡುವುದು ಪಾಪ, ಪ್ರತಿ ವರ್ಷ ಮಕ್ಕಳಿಗೆ ನಾನೇ ಇದನ್ನು ಪಾಠ ಮಾಡುತ್ತೇನೆ, ನನ್ನ ಚಿಗವ್ವನ ಮನೆಯಲ್ಲೇ ಹೀಗಾದರೆ ಪುರಾಣ ಹೇಳೋಕೆ ಬದನೆಕಾಯಿ ತಿನ್ನೋಕೆ ಅಂತ ಜನ ಆಡಿಕೊಳ್ಳುವುದಿಲ್ಲವೇ ಎಂದೆಲ್ಲ ಹೇಳಿದೆ. ಚಿಗವ್ವ ಬದನೆಕಾಯಿ ಬಡಿಸುತ್ತಲೇ ಕೇಳಿದಳು.

"ಮೈಮ್ಯಾಲೆ ಪುಕ್ಕ ಇಲ್ಲಲೇ ಮಲ್ಲ್ಯಾ, ಎಲ್ಲಿ ಹಾರಿಸ್ತಿ ಇದನ್ನ? ರೆಕ್ಕಿ ಬಲೀಲಿ, ಬಿಡ್ತೀನಿ."

ಮಾತು ಕೊಟ್ಟಳು. ರೆಕ್ಕೆ ಬಲಿಯಿತು. "ಇನ್ನಾ ಎಳೇದು," ಎಂದಳು. ಮಳೆಗಾಲ ಬಂತು. "ಈ ಮಳ್ಯಾಗ ಬ್ಯಾಡ," ಎಂದಳು. ಮಳೆಗಾಲ ಮುಗಿಯಿತು. ಹುಸೇನಪ್ಪ ದೊಡ್ಡದೊಂದು ಪಂಜರ ತಂದುಕೊಟ್ಟ. ಅದರ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು, ಖಾನಾವಳಿಯ ಬಾಗಿಲಿಗೆ ಮಾತ್ರ ಸೊಳ್ಳೆಯ ಜಾಲರಿ ಬಿತ್ತು. ಸೊಳ್ಳೆಗಳ ಬಗ್ಗೆ ಚಿಗವ್ವ ಅದಕ್ಕೆ ಮುಂಚೆ ಎಂದೂ ತಲೆ ಕೆಡಿಸಿಕೊಂಡವಳಲ್ಲ. ವರ್ಷ ಕಳೆಯುವ ಹೊತ್ತಿಗೆ ಗಿಳಿಯ ಹಸಿರು ತಲೆ ತಿಳಿ ಬೂದಿಗೆ ತಿರುಗಿತು.

"ನೋಡಿದೇನು, ಬೂದಿ ತಲಿ. ಹೆಣ್ಣು ಐತಿ," ಎಂದು ಚಿಗವ್ವ ಸಾರಿದಳು. "ಗಂಗಿ ಅಂತ ಹೆಸರಿಟ್ಟೀನಿ. ಹೆಣ್ಣು ಕೂಸಿನ್ನ ಒಬ್ಬಾಕಿನ್ನ ಆ ಅಡವ್ಯಾಗ ಹೆಂಗ ಬಿಡ್ಲಿ ನೀನ ಹೇಳು? ಗಂಡಾಗಿದ್ರ ಇವತ್ತ ಬಿಡ್ತಿದ್ದೆ."

ಅದೂ ಸರಿಯೇ ಎಂದು ನನಗೂ ಅನ್ನಿಸಿತು. ಭಾಷಣ ನಿಲ್ಲಿಸಿ ರೊಟ್ಟಿ ಮುರಿದೆ.

ಗಂಗಿಯನ್ನು ಮುದ್ದಿನ ಹಕ್ಕಿಯೆಂದು ಹೇಳಬೇಕೆಂದರೆ ನಾನು ಸುಳ್ಳು ಹೇಳಬೇಕಾಗುತ್ತದೆ. ಮೂರು ವರ್ಷದಲ್ಲಿ ಒಂದು ಮಾತು ಕಲಿಯಲಿಲ್ಲ. "ಟೂಯ್?" ಎಂದು, ಏನೋ ಕೇಳುವವರ ಹಾಗೆ ಕೊನೆಗೆ ದನಿಯೇರಿಸುವ ಒಂದೇ ಕೂಗು. ಡ್ರೈವರುಗಳು ತಟ್ಟೆಯ ಮುಂದೆ ಕೂತು ತೆಲುಗು, ಹಿಂದಿ, ತಮಿಳು ಎಲ್ಲದರಲ್ಲೂ ಕಲಿಸಲು ನೋಡಿ ಸೋತರು. ಚಿಗವ್ವ ಮಾತ್ರ ಒಂದು ದಿನವೂ ಕಲಿಸಲು ಹೋಗಲಿಲ್ಲ. "ನನ್ನ ಅಂಗಡ್ಯಾಗ ಮಾತಾಡೋರು ಬೇಕಾದಷ್ಟು ಅದಾರ," ಎನ್ನುತ್ತಿದ್ದಳು. ಅವಳು ರೊಟ್ಟಿ ಬಡಿಯುವಾಗ ಗಂಗಿ ಅವಳ ಎಡಹೆಗಲ ಮೇಲೆ ಕೂತು, ತಟ್ಟುವ ತಾಳಕ್ಕೆ ಸರಿಯಾಗಿ ತಲೆ ಆಡಿಸುತ್ತಿತ್ತು. ನಾನು ಹತ್ತಿರ ಹೋದರೆ ಕಚ್ಚುತ್ತಿತ್ತು. ನನ್ನ ಬಲಗೈ ತೋರುಬೆರಳಿನಲ್ಲಿ ಈಗಲೂ ಅದರ ರುಜುವಿದೆ.

ನಡುವೆ ಒಮ್ಮೆ ಶಾಲೆಯ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯೂ ಬಿಡದ ಗಿಳಿ. ಗೋಪುರದ ಗಾರೆ ಬಿದ್ದ ಬಿಲಗಳಲ್ಲಿ, ಬಂಡೆಯ ಸಂದುಗಳಲ್ಲಿ, ಮಂಟಪದ ಸೂರಿನಲ್ಲಿ, ಯಾರೋ ಕಟ್ಟಿದ್ದರಲ್ಲಿ ಬಾಡಿಗೆ ಇಲ್ಲದೆ ಸಂಸಾರ ಹೂಡಿದ್ದವು. ನಮ್ಮ ಜೊತೆ ಬಂದ ಗೈಡು, ಇವೆಲ್ಲ ರಾಣಿಯರು ಸಾಕಿದ್ದ ಗಿಳಿಗಳ ವಂಶದವು, ಆಗ ಕಲಿತ ಹಾಡನ್ನು ಹುಣ್ಣಿಮೆಯಂದು ಹೇಳುತ್ತವೆ ಎಂದು ಮಕ್ಕಳಿಗೆ ಬಿಡುತ್ತಿದ್ದ. ಗೂಡುಗಳನ್ನು ಹತ್ತಿರದಿಂದ ನೋಡಲಿ ಎಂದು ಹುಡುಗರನ್ನು ಮಾತಂಗ ಬೆಟ್ಟ ಹತ್ತಿಸಿದೆ. ಹುಡುಗಿಯರಿಗೆ, ನಿಮಗೆ ಬೇಡ, ಕಾಲು ಜಾರೀತು ಎಂದು ಕೆಳಗೆ ನೆರಳಿನಲ್ಲಿ ಕೂರಲು ಹೇಳಿದೆ. ಅವರಲ್ಲಿ ರೇಣುಕಾ ಎನ್ನುವವಳು, ಬಾಯಿ ಮುಚ್ಚಿ ಗೊತ್ತಿಲ್ಲದ ಹುಡುಗಿ, ಕೂತಲ್ಲಿಂದಲೇ ಕೇಳಿದಳು.

"ಸರ್, ಗಂಡು ಗಿಣಿಗೆ ಕೊಳ್ಳಾಗಿನ ಕೆಂಪು ಪಟ್ಟಿ ಯಾವಾಗ ಬರ್ತೈತ್ರಿ?"

"ಹುಟ್ಟಿನಿಂದ್ಲೇ ಇರ್ತೈತಿ," ಎಂದೆ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಮೇಷ್ಟ್ರುಗಳ ಹಳೆಯ ಕಾಯಿಲೆ ಇದು, ಔಷಧಿಯಿಲ್ಲ.

ಇನ್ನು ಬ್ರಷ್ಷಿನ ವಿಷಯ. ಗಂಗಿಗೆ ಮೂರು ವರ್ಷ ತುಂಬುತ್ತ ಬಂದಿತ್ತು. ದೀಪಾವಳಿ ಕಳೆದು ಗಾಳಿ ಒಣಗಿದಾಗ ಒಂದು ಭಾನುವಾರ ನೋಡುತ್ತೇನೆ, ಗಂಗಿಯ ಬೂದಿ ತಲೆಯ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ. ರೆಕ್ಕೆಯ ಹೆಗಲಿನಲ್ಲೂ ಒಂದಿಷ್ಟು. ನೀವು ಸಂಡೂರನ್ನು ಒಣಗಾಳಿಯ ದಿನಗಳಲ್ಲಿ ನೋಡಿದ್ದರೆ ನಾನು ಏನೆಂದುಕೊಂಡೆ ಎಂದು ಕೇಳುವುದಿಲ್ಲ. ಅದಿರಿನ ಲಾರಿಗಳು ಓಡುವ ರಸ್ತೆಯಲ್ಲಿ ಬೇವಿನ ಎಲೆ ಕೆಂಪು, ಮೈಲಿಗಲ್ಲು ಕೆಂಪು, ಬಿಳಿ ನಾಯಿ ಕೆಂಪು. ಒಣಹಾಕಿದ ಬಿಳಿ ಪಂಚೆ ಸಂಜೆಗೆ ಗುಲಾಬಿ ಪಂಚೆಯಾಗಿ ಒಳಗೆ ಬರುತ್ತದೆ. ಮೂಗು ಒರೆಸಿದರೆ ಕರವಸ್ತ್ರ ಕೆಂಪು.

"ಧೂಳಲೇ ಮಲ್ಲ್ಯಾ," ಎಂದಳು ಚಿಗವ್ವ. "ನಾ ಒರೆಸಿದ್ರ ಹೋಗವಲ್ದು. ನೀ ವಿಜ್ಞಾನದ ಮೇಷ್ಟ್ರು, ನಿನ್ನ ಕೈಲೆ ಆಗ್ತೈತೇನು ನೋಡು."

ಹೊಗಳಿಕೆಗೆ ಬಿದ್ದೆ. ಮುಂದಿನ ಭಾನುವಾರ ಕಂಪ್ಲಿಯಿಂದ ಬ್ರಷ್ಷು ಕೊಂಡುಕೊಂಡೇ ಹೋದೆ. ಬಿಸಿನೀರು, ಒಂದು ಚಿಟಿಕೆ ಸೀಗೆಪುಡಿ. ಗಂಗಿಯನ್ನು ಟವೆಲಿನಲ್ಲಿ ಸುತ್ತಿ ತಲೆ ಮಾತ್ರ ಹೊರಗಿಟ್ಟು ಹುಸೇನಪ್ಪ ಹಿಡಿದ. ನಾನು ಎಳೆಗರಿಗೆ ನೋವಾಗದಂತೆ ಹಗುರವಾಗಿ ತಿಕ್ಕಿದೆ. ಗಂಗಿ ಅವನನ್ನು ಎರಡು ಸಲ, ನನ್ನನ್ನು ನಾಲ್ಕು ಸಲ ಕಚ್ಚಿತು. ಚಿಗವ್ವ ಪಕ್ಕದಲ್ಲಿ ನಿಂತು "ಕಿವಿ ಸಂದ್ಯಾಗ ಇನ್ನಾ ಐತಿ ನೋಡು" ಎಂದು ನಿರ್ದೇಶನ ಕೊಟ್ಟಳು. ಮರುವಾರ ಹೋದರೆ ಕೆಂಪು ಹೆಚ್ಚಾಗಿತ್ತು. ಸೀಗೆಪುಡಿ ಹೆಚ್ಚಿಸಿದೆ. ಅದರ ಮರುವಾರ ಕೆನ್ನೆಯವರೆಗೂ ಬಂದಿತ್ತು. ನಿಂಬೆರಸ ಹಾಕೋಣವೇ ಎಂದೆ, ಆಗ ಮಾತ್ರ ಚಿಗವ್ವ "ಏ ಬ್ಯಾಡ, ಕಣ್ಣಿಗೆ ಉರೀತೈತಿ" ಎಂದು ಕೈ ಹಿಡಿದಳು. ತೊಳೆದಷ್ಟೂ ಕೆಂಪಾಗುವ ತಲೆಯನ್ನು ಕಂಡು ಬುದ್ಧಿಯಿದ್ದವನಿಗೆ ಅನುಮಾನ ಬರಬೇಕು. ನನಗೆ ಬಂದದ್ದು ಸಿದ್ಧಾಂತ. ಕಬ್ಬಿಣದ ಕಣ ಗರಿಯ ಒಳಗೆ ಹೊಕ್ಕಿದೆ, ನಾವು ಹಾಕಿದ ನೀರಿಗೆ ಅಲ್ಲಿಯೇ ತುಕ್ಕು ಹಿಡಿಯುತ್ತಿದೆ! ಇದನ್ನು ಹುಸೇನಪ್ಪನಿಗೆ ವಿವರಿಸಿದೆ. ಅವನು ಟವೆಲು ಹಿಡಿದುಕೊಂಡೇ, "ನೀವು ಓದಿದೋರು, ನೀವು ಹೇಳಿದ್ಮ್ಯಾಲೆ ಮುಗೀತ್ರಿ," ಎಂದ.

ಅಷ್ಟಕ್ಕೇ ನಿಲ್ಲಿಸಿದ್ದರೆ ಇದು ನಮ್ಮ ಮನೆಯ ಮಾತಾಗಿಯೇ ಉಳಿಯುತ್ತಿತ್ತು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ 'ಗಣಿಧೂಳು ಮತ್ತು ಹಕ್ಕಿಗಳ ತಲೆ' ಎಂದು ಒಂದು ಚಾರ್ಟು ಬರೆಸಿದೆ. ಗಂಗಿಯ ಚಿತ್ರ, ವಾರವಾರಕ್ಕೆ ಏರಿದ ಕೆಂಪು, ಎಲ್ಲ ಇತ್ತು. ಬಂದವರೆಲ್ಲ ಅಯ್ಯೋ ಪಾಪ ಎಂದು ಲೊಚಗುಟ್ಟಿದರು. ಚಾರ್ಟಿನ ಪಕ್ಕ ನಿಲ್ಲಿಸಿದ್ದ ರೇಣುಕಾ ಮಾತ್ರ ಹುಬ್ಬು ಗಂಟುಹಾಕಿಕೊಂಡಿದ್ದಳು.

"ಸರ್, ಧೂಳು ತಲಿ ಮ್ಯಾಲಷ್ಟ ಯಾಕ್ರಿ ಕುಂತೈತಿ? ಬೆನ್ನಿಗೆ, ಬಾಲಕ್ಕ ಯಾಕಿಲ್ರಿ?"

"ನೀ ಚಾರ್ಟ್ ಓದು, ಪ್ರಶ್ನೆ ಕೇಳಬ್ಯಾಡ," ಎಂದೆ.

ಆರನೆಯ ಭಾನುವಾರ ತಲೆಯ ತುಂಬ ಕೆಂಪು. ಗಂಗಿಗೆ ಏನಾದರೂ ಆದೀತು ಎಂದು ನನಗೆ ನಿಜಕ್ಕೂ ಭಯವಾಯಿತು. ಬೈದುಕೊಂಡೇ ಮೂರು ವರ್ಷ ನೋಡಿದ ಹಕ್ಕಿ. ಸೋಮವಾರಕ್ಕೆ ರಜೆ ಹಾಕಿ ಅಲ್ಲಿಯೇ ಉಳಿದು, ಬೆಳಿಗ್ಗೆ ಹೊಸಪೇಟೆಯ ಪಶುವೈದ್ಯರಿಗೆ ತೋರಿಸಲು ಹೊರಟೆ. "ಇನ್ನೊಂದು ವಾರ ನೋಡೂಣು," ಎಂದು ಚಿಗವ್ವ ಬಾಗಿಲವರೆಗೂ ಹೇಳುತ್ತ ಬಂದಳು. ನಾನು ಕೇಳಲಿಲ್ಲ. ಗಂಗಿಯನ್ನು ತರಕಾರಿ ಬುಟ್ಟಿಯಲ್ಲಿಟ್ಟು ಮೇಲೆ ಟವೆಲು ಮುಚ್ಚಿ ಬಸ್ಸು ಹತ್ತಿದೆ. ಯಾವ ಸೀಟಿನಲ್ಲಿ ಯಾವ ವಿದ್ಯಾರ್ಥಿಯ ತಂದೆ ಕೂತಿದ್ದಾನೋ ಎಂದು ಜೀವ ಕೈಯಲ್ಲಿ ಹಿಡಿದು ಕೂತೆ. ಘಾಟಿಯ ತಿರುವಿನಲ್ಲಿ ಬುಟ್ಟಿಯೊಳಗಿಂದ "ಟೂಯ್?" ಎಂದಿತು. ಕೆಮ್ಮಿದೆ. ಮತ್ತೆ "ಟೂಯ್?" ಮತ್ತೆ ಕೆಮ್ಮಿದೆ. ಏಳೆಂಟು ಸಲ ಆದಮೇಲೆ ಕಂಡಕ್ಟರ್ ಹತ್ತಿರ ಬಂದು, "ಸರ್, ಫೋನರ ಎತ್ರಿ, ಇಲ್ಲಾ ಆಫ್ ಮಾಡ್ರಿ, ಮಂದಿಗೆ ತ್ರಾಸಾಗ್ತೈತಿ," ಎಂದ. ಹಿಂದಿನ ಸೀಟಿನವನು, "ಮನಿಯಾಕಿ ಇರ್ಬೇಕು, ಬಿಡ್ರಿ, ಎತ್ತಾಕ ಹೆದರ್ಯಾರ," ಎಂದ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ವೈದ್ಯರು ವಯಸ್ಸಿನಲ್ಲಿ ನನಗಿಂತ ಎಷ್ಟೋ ಸಣ್ಣವರು. ಗಂಗಿಯನ್ನು ಹಿಡಿದು ತಿರುಗಿಸಿ ನೋಡಿದರು. ರೆಕ್ಕೆ ಬಿಡಿಸಿ ನೋಡಿದರು. ನಾನು ಧೂಳು, ತುಕ್ಕು, ಸೀಗೆಪುಡಿ ಎಲ್ಲ ಹೇಳಿದೆ. ಅವರು ತುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿಕೊಂಡರು.

"ತಾವು ಏನು ಕೆಲಸ ಮಾಡ್ತೀರಿ ಸರ್?"

"ವಿಜ್ಞಾನದ ಮೇಷ್ಟ್ರು."

"ಸರ್, ಇದು ಧೂಳಲ್ರಿ. ಇದು ಗಂಡು. ಕೆಂಪುತಲಿ ಗಿಣಿ ಗಂಡು ಮರಿಗಳಿಗೆ ಮೊದಲು ಹಸಿರು ತಲಿ, ಆಮ್ಯಾಲೆ ಹೆಣ್ಣಿನಂಗ ಬೂದಿ. ಮೂರನೇ ವರ್ಷದಾಗ ಈ ಬಣ್ಣ ಬರ್ತೈತಿ. ಹಂಪಿ ಕಡೆ ಕೊರಳಪಟ್ಟಿ ಗಿಣಿ ಇರ್ತಾವಲ್ರಿ, ಅವಕ್ಕೂ ಹಂಗ, ಗಂಡಿಗೆ ಪಟ್ಟಿ ತಡಮಾಡೇ ಬರೋದು. ನೀವು ಆರು ವಾರ ತಿಕ್ಕಿದ್ದು..." ಎಂದವರು ಮತ್ತೆ ಗೋಡೆಯ ಕಡೆ ತಿರುಗಿದರು.

ನೆಲ ಬಾಯಿಬಿಡಬಾರದೇ ಎಂದುಕೊಂಡೆ. ವೈದ್ಯರು ಕೊನೆಗೆ ಗಂಭೀರವಾಗಿ ಹೇಳಿದರು. ಹಕ್ಕಿ ಗಟ್ಟಿಯಾಗಿದೆ, ರೆಕ್ಕೆ ಚೆನ್ನಾಗಿದೆ, ಇನ್ನು ಇಟ್ಟುಕೊಳ್ಳಬಾರದು. ಒಮ್ಮೆಗೇ ಎಸೆದುಬಿಡದೆ, ಪಂಜರವನ್ನು ಹೊರಗೆ ಸೂರಿಗೆ ತೂಗಿ ಬಾಗಿಲು ತೆರೆದಿಡಿ, ಕಾಡಿನಲ್ಲಿ ಸಿಗುವಂಥ ತೆನೆ ಹಣ್ಣುಗಳನ್ನೇ ಪಕ್ಕದಲ್ಲಿ ಕಟ್ಟಿ, ತನ್ನವರ ಕೂಗು ಕೇಳಿದ ದಿನ ತಾನೇ ಹೋಗುತ್ತದೆ, ತಡಮಾಡಿದರೆ ಹೋಗುವುದನ್ನೇ ಮರೆಯುತ್ತದೆ ಎಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಸಿಟ್ಟೆಲ್ಲ ಚಿಗವ್ವನ ಮೇಲೆ ತಿರುಗಿತು. ಗಂಡಾಗಿದ್ದರೆ ಬಿಡುತ್ತಿದ್ದೆ ಎಂದವಳು ತಾನೇ? ಈಗ ಗಂಡೇ. ಈಗ ಯಾವ ಮಳೆ, ಯಾವ ನೆವ ತೆಗೆಯುತ್ತಾಳೋ ನೋಡೋಣ ಎಂದು ಮಾತುಗಳನ್ನು ಜೋಡಿಸಿಕೊಂಡು ಹೋದೆ. ಖಾನಾವಳಿಯಲ್ಲಿ ಊಟದ ಗದ್ದಲ ಮುಗಿದಿತ್ತು. ಎಲ್ಲ ಹೇಳಿದೆ. ಚಿಗವ್ವ ಬೆರಗಾಗಲಿಲ್ಲ, ವಾದ ಮಾಡಲಿಲ್ಲ. ಬುಟ್ಟಿಯೊಳಗಿಂದ ಗಂಗಿಯನ್ನು ಎತ್ತಿಕೊಂಡು, ಸೀಗೆಯ ವಾಸನೆಯ ಆ ತಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ನೇವರಿಸಿದಳು.

"ಮಾತು ಕೊಟ್ಟೀನಿ," ಎಂದಳು. "ಪಂಜರ ಹೊರಗ ತೂಗು."

ಜೋಳದ ಹಾಲುತೆನೆಗಳನ್ನು ಅವಳೇ ಚೋರನೂರಿನಿಂದ ತರಿಸಿ, ಸೂರಿನ ತೊಲೆಗೆ ಕುಚ್ಚು ಕಟ್ಟಿದಳು. ಮೂರು ದಿನ ಗಂಗಿ ಎಲ್ಲಿಗೂ ಹೋಗಲಿಲ್ಲವಂತೆ. ಪಂಜರದಿಂದ ಕುಚ್ಚಿಗೆ, ಕುಚ್ಚಿನಿಂದ ಎದುರಿನ ಬೇವಿಗೆ, ಬೇವಿನಿಂದ ಚಿಗವ್ವನ ಹೆಗಲಿಗೆ. "ಬಾಗಿಲು ತೆರೆದಿಟ್ರೂ ಅದ ಹೋಗವಲ್ದು ನೋಡು" ಎಂದು ಅವಳು ಫೋನಿನಲ್ಲಿ ಹೇಳಬಹುದೆಂದು ಕಾದೆ. ಅವಳು ಹೇಳಲಿಲ್ಲ. ಬದಲಿಗೆ ನಾಲ್ಕನೆಯ ದಿನ, ಹೆಗಲಿಗೆ ಬಂದು ಕೂತ ಗಂಗಿಯನ್ನು ಸೆರಗು ಬೀಸಿ ಓಡಿಸಿದಳಂತೆ. ಹುಸೇನಪ್ಪ ಇದನ್ನು ನನಗೆ ಹೇಳಿ, ಒರೆಸಿದ್ದ ಲಾರಿಯ ಗಾಜನ್ನೇ ಮತ್ತೆ ಒರೆಸಲು ಹೋದ.

ಭಾನುವಾರ ಬೆಳಿಗ್ಗೆ ನಾನಲ್ಲಿದ್ದೆ. ಗುಡ್ಡದ ಕಡೆಯಿಂದ ಒಂದು ಹಿಂಡು ಬಂತು. ಹತ್ತು ಹನ್ನೆರಡು ಗಿಳಿಗಳು, ರಸ್ತೆಯ ಮೇಲೆ ಹಾರುತ್ತ "ಟೂಯ್? ಟೂಯ್?" ಎಂದವು. ಬೇವಿನ ಮೇಲಿದ್ದ ಗಂಗಿ ಕತ್ತು ಚಾಚಿತು. ಮೂರು ವರ್ಷ ಯಾರೂ ಉತ್ತರಿಸದ ಆ ಕೂಗಿಗೆ ಕೊನೆಗೂ ಉತ್ತರ ಬಂದಿತ್ತು. ರೆಂಬೆ ಅಲುಗಿತು. ಹಿಂಡು ಲಾರಿಗಳ ಸಾಲನ್ನು ದಾಟಿ ಗುಡ್ಡದತ್ತ ತಿರುಗಿದಾಗ ಅದರಲ್ಲಿ ಯಾವುದು ನಮ್ಮದು ಎಂದು ನನಗೆ ಗೊತ್ತಾಗಲಿಲ್ಲ.

ಒಳಗೆ ರೊಟ್ಟಿ ಸೀದ ವಾಸನೆ ಬಂತು. ಚಿಗವ್ವನ ಹಂಚಿನ ಮೇಲೆ ರೊಟ್ಟಿ ಸೀದದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಅವಳು ಹೊರಗೆ ನಿಂತು ಗುಡ್ಡ ನೋಡುತ್ತಿದ್ದಳು.

"ಹೆಗಲು ಬರಿದಾತೋ ಮಲ್ಲ್ಯಾ," ಎಂದಳು. ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೆಯೇ ಬಿಟ್ಟಳು.

ನನಗೂ ಸಂಕಟವಾಯಿತು. ಸಂಕಟವಾದಾಗ ಪಾಠ ಹೇಳುವುದು ನನ್ನ ಸ್ವಭಾವ. "ಮೊದಲೇ ಗೊತ್ತಾಗಿದ್ದರೆ ಇಷ್ಟು ಹಚ್ಚಿಕೊಳ್ತಿರಲಿಲ್ಲ ಚಿಗವ್ವ. ಅದು ಹೆಣ್ಣು ಅಂತ ನಾವು ತಪ್ಪು ತಿಳಿದು..."

"ನೀ ತಪ್ಪು ತಿಳಿದಿ," ಎಂದಳು. "ಹತ್ತು ವರ್ಷ ಅಟ್ಟಣಿಗಿ ಮ್ಯಾಲೆ ಕುಂತು ಅವನ್ನ ನೋಡೀನಲೇ ನಾ. ಎಳೇ ಗಂಡು ಬೂದಿ ತಲಿ ಇರ್ತೈತಿ, ಆಮ್ಯಾಲೆ ಕೆಂಪಾಗ್ತೈತಿ ಅಂಬೋದು ನನಗ ಗೊತ್ತಿಲ್ಲೇನು?"

ಗಂಗಿ ಕಚ್ಚಿದ ಬೆರಳನ್ನು ಅವಳ ಮುಂದೆ ಹಿಡಿದೆ. "ಮತ್ತೆ ಧೂಳು ಅಂದೆಯಲ್ಲ! ನನ್ನ ಕೈಲಿ ಆರು ವಾರ ತಿಕ್ಕಿಸಿದೆಯಲ್ಲ!"

"ಆರು ವಾರ ಹೆಚ್ಚಿಗಿ ಸಿಕ್ತಲ್ಲೋ," ಎಂದಳು ಚಿಗವ್ವ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದು ಮಾತು ಮಾತ್ರ ಕೇಳಿದೆ. ಮೊದಲೇ ಗಂಡೆಂದು ಗೊತ್ತಿದ್ದರೆ ಹೆಣ್ಣು ಅಂತ ಯಾಕೆ ಹೇಳಿದೆ?

"ಮಳಿ ಅಂದೆ, ನೀ ವಾದ ಮಾಡಿದಿ. ಎಳೇದು ಅಂದೆ, ವಾದ ಮಾಡಿದಿ. ಹೆಣ್ಣು ಐತಿ, ಒಬ್ಬಾಕಿನ್ನ ಹೆಂಗ ಬಿಡ್ಲಿ ಅಂದೆ ನೋಡು, ಸುಮ್ನ ರೊಟ್ಟಿ ಮುರಿದಿ." ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಹೊರಟಳು. "ಇಟ್ಕೋಬೇಕಂದ್ರ ಹೆಣ್ಣು ಅನಬೇಕು. ಅದಕ್ಕ ಯಾರೂ ಯಾಕಂತ ಕೇಳಂಗಿಲ್ಲ. ನನ್ನ ಕೈಯಾಗಿನ ಕವಣಿ ಬಿಡಿಸಿ ಮದುವಿ ಮಾಡಿದಾಗ ನಮ್ಮಪ್ಪನ್ನೂ ಯಾರೂ ಕೇಳ್ಲಿಲ್ಲ."

ಅವಳು ಹೊಸ ರೊಟ್ಟಿ ಬಡಿಯಲು ಕೂತ ಸದ್ದು ಕೇಳಿಸಿತು. ನಾನು ಬಚ್ಚಲಿಗೆ ಹೋಗಿ ಆ ಬ್ರಷ್ಷನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಯಾಕೆಂದು ಶಾಂತಾ ಇವತ್ತಿಗೂ ಕೇಳುತ್ತಾಳೆ.

ಆ ಜನವರಿಯಲ್ಲಿ ಮತ್ತೆ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋದೆ. ಅದೇ ಗೈಡು, ಅದೇ ರಾಣಿಯರು, ಅದೇ ಹುಣ್ಣಿಮೆ. ಮಾತಂಗ ಬೆಟ್ಟದ ಬುಡದಲ್ಲಿ ಹುಡುಗಿಯರು ಅಭ್ಯಾಸಬಲದಿಂದ ನೆರಳು ಹುಡುಕುತ್ತಿದ್ದರು. ಹತ್ತಿ ಎಂದೆ. ರೇಣುಕಾ ನನ್ನ ಮುಖವನ್ನು ಎರಡು ಸಲ ನೋಡಿ, ನಾನು ಮಾತು ಬದಲಿಸುವ ಮೊದಲೇ ಓಡಿದಳು. ನನ್ನ ಮಂಡಿ ಅರ್ಧದಲ್ಲಿಯೇ ಕೈಕೊಟ್ಟಿತು. ಬಂಡೆಯ ಮೇಲೆ ಏದುಸಿರು ಬಿಡುತ್ತ ಕೂತು, ಯಾರ ಕಾಲು ಎಲ್ಲಿ ಜಾರೀತೋ ಎಂದು ಮೇಲೆ ನೋಡುತ್ತ ಎಲ್ಲರನ್ನೂ ಬೈಯುತ್ತಿದ್ದೆ.

"ಸರ್!" ಎಂದು ರೇಣುಕಾ ತುದಿಯಿಂದ ಕೂಗಿದಳು. "ಸಂದ್ಯಾಗ ಒಂದು ಗಿಣಿ ಐತ್ರಿ! ಕೊಳ್ಳಾಗ ಪಟ್ಟಿ ಇಲ್ಲ! ಹೆಣ್ಣೋ, ಎಳೇ ಗಂಡೋ ಹೆಂಗ ಹೇಳೋದ್ರಿ?"

"ನನಗ ಗೊತ್ತಿಲ್ಲವ್ವಾ," ಎಂದು ಕೂಗಿ ಹೇಳಿದೆ. "ಯಾವುದಾದ್ರೇನು, ದಾರಿ ಬಿಟ್ಟು ನಿಲ್ಲು, ಹಾರ್ಲಿ."